ಮುಯ್ಯಿಯ ನೋವು

ನೋವನ್ನು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸುವ ಪಟ್ಟಿ ಹೊನ್ನಕಟ್ಟಿಗೆ ಬಂದಾಗ ಸಿಂಪಿಗೇರ ಓಣಿಯ ಜನ ಬೆರಗಾಗಲಿಲ್ಲ, ಹೆದರಲೂ ಇಲ್ಲ. "ಇಷ್ಟ ದಿನಾ ಎಲ್ಲಿ ಇಟ್ಟಿದ್ರಿ ಇದನ್ನ?" ಎಂದು ತಂದವರನ್ನೇ ದಬಾಯಿಸಿದರು.

ನೋಡಲು ಅದು ದೊಡ್ಡದೇನಲ್ಲ. ಎರಡು ಬೆರಳಗಲದ ರಬ್ಬರಿನ ಪಟ್ಟಿ, ನಡುವೆ ಸುಣ್ಣದ ಡಬ್ಬಿಯಷ್ಟು ಒಂದು ಯಂತ್ರ, ಯಂತ್ರಕ್ಕೆ ಒಂದು ತಿರುಗಣಿ. ಕತ್ತಿನ ಹಿಂದೆ, ಕೂದಲು ಮುಗಿಯುವ ಜಾಗದಲ್ಲಿ ಕಟ್ಟಿಕೊಳ್ಳಬೇಕು. ಮೈಯಲ್ಲಿ ಎಲ್ಲಿ ನೋವಾದರೂ ಅದರ ಸುದ್ದಿ ನರಗಳ ಹಾದಿ ಹಿಡಿದು ಬೆನ್ನೇರಿ, ಕತ್ತು ದಾಟಿಯೇ ತಲೆಗೆ ಹೋಗಬೇಕಲ್ಲ? ಪಟ್ಟಿ ಆ ಸುದ್ದಿಯನ್ನು ಕತ್ತಿನಲ್ಲೇ ಹಿಡಿಯುತ್ತಿತ್ತು. ಹಿಡಿದು, ರೇಡಿಯೋದವರು ಹಾಡು ಕಳಿಸಿದ ಹಾಗೆ ಗಾಳಿಯಲ್ಲಿ ಕಳಿಸುತ್ತಿತ್ತು. ಅದೇ ಗುಂಪಿನ ಪಟ್ಟಿ ಕಟ್ಟಿಕೊಂಡವರ ತಲೆಗೆ ಅದು ಹೋಗಿ ಸೇರುತ್ತಿತ್ತು. ಕೈ ಸುಟ್ಟುಕೊಂಡವಳು ಇವಳು, ಬೆರಳಿಗೆ ಗಾಳಿ ಊದಿಕೊಳ್ಳುತ್ತ ಕುಣಿಯುವವಳು ಅವಳು. ಮೊದಮೊದಲು ವಿಜ್ಞಾನಿಗಳು ಹಿಡಿದ ನೋವನ್ನು ಯಾರಿಗೂ ಕೊಡದೆ ಸುಮ್ಮನೆ ಗಾಳಿಗೆ ಬಿಟ್ಟು ನೋಡಿದ್ದರಂತೆ. ಆಗಲಿಲ್ಲ. ಹಾಗೆ ಬಿಟ್ಟ ನೋವು ತಿರುಗಿ ಬಂದು ಒಡೆಯನನ್ನೇ ಇಮ್ಮಡಿಯಾಗಿ ಹಿಡಿಯುತ್ತಿತ್ತು. ಕಾಲುವೆಯ ನೀರಿನ ಹಾಗೆ, ಯಾವುದಾದರೂ ಒಂದು ಹೊಲಕ್ಕೆ ಬಿಡಲೇಬೇಕು.

ದೊಡ್ಡ ಊರುಗಳಲ್ಲಿ ಪಟ್ಟಿ ನಡೆಯಲಿಲ್ಲ. ನೋವಿದ್ದವರು ಸಾಲುಗಟ್ಟಿ ನಿಂತರು, ತಗೊಳ್ಳಬೇಕಾದವರು ಮೀಟಿಂಗಿನಲ್ಲಿದ್ದರು. ಕೆಲವು ಸಾಹುಕಾರರು ಕೂಲಿಯಾಳುಗಳ ಕತ್ತಿಗೆ ಪಟ್ಟಿ ಕಟ್ಟಿಸಿ, ತಾವು ಸಿನಿಮಾ ನೋಡುತ್ತ ಹಲ್ಲು ಕೀಳಿಸಿಕೊಂಡರು. ಹೀಗೆ ಕೂಲಿಗೆ ನೋವು ಹೊರಿಸುವುದನ್ನು ಸರ್ಕಾರ ಬೇಗನೆ ನಿಷೇಧಿಸಿತು. ಇನ್ನೇನು ಪಟ್ಟಿ ಮೂಲೆ ಸೇರುತ್ತದೆ ಎನ್ನುವಾಗ ಅದು ಪರೀಕ್ಷೆಗೆಂದು ಹೊನ್ನಕಟ್ಟಿಯ ಆಸ್ಪತ್ರೆಗೆ ಬಂತು. ಸಿಂಪಿಗೇರ ಓಣಿಯವರು ಅದನ್ನು ಎತ್ತಿಕೊಂಡು ಹೋಗಿ ಮುಯ್ಯಿಗೆ ಸೇರಿಸಿಬಿಟ್ಟರು.

ಮುಯ್ಯಿ ಎಂದರೆ ಆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮನೆಯ ಮದುವೆಗೆ ಅವರು ಸೀರೆ ಉಡಿಸಿದರೆ, ಅವರ ಮನೆಯ ಮದುವೆಗೆ ನೀವು ಉಡಿಸಬೇಕು. ಇಂದು ಅವರ ಹೊಲದ ಕಳೆ ನೀವು ತೆಗೆದರೆ, ನಾಳೆ ನಿಮ್ಮ ಹೊಲಕ್ಕೆ ಅವರು ಕುಡುಗೋಲು ಹಿಡಿದು ಬರಬೇಕು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಸೀರೆಗೆ ಇದ್ದದ್ದು, ಕಳೆಗೆ ಇದ್ದದ್ದು ಈಗ ನೋವಿಗೂ ಬಂತು, ಅಷ್ಟೇ. ಟೇಲರ್ ತುಕಾರಾಮನ ದವಡೆ ಹಲ್ಲು ಕೀಳಿಸಿದ ದಿನ ಓಣಿಯ ಎರಡೂ ಬದಿಯ ಕಟ್ಟೆಗಳ ಮೇಲೆ ಕೂತವರೆಲ್ಲ ಒಮ್ಮೆಲೇ ಬಲಗೆನ್ನೆ ಹಿಡಿದುಕೊಂಡರು. ಅದೇ ಹೊತ್ತಿಗೆ ಬಂದ ಅಂಚೆಯವನು ಯಾರೋ ದೊಡ್ಡವರು ತೀರಿಕೊಂಡಿದ್ದಾರೆಂದು ತಿಳಿದು ಟೋಪಿ ತೆಗೆದು ತಲೆ ತಗ್ಗಿಸಿ ನಿಂತ. ಸೈಕಲ್ ಶಾಪಿನ ದಸ್ತಗೀರಸಾಬನಿಗೆ ಮಂಡಿ ಹಿಡಿದರೆ ಓಣಿಯೆಲ್ಲ ಕುಂಟುತ್ತಿತ್ತು, ಅವನೊಬ್ಬ ಪೆಡಲ್ ತುಳಿಯುತ್ತ ಪೇಟೆ ಸುತ್ತುತ್ತಿದ್ದ.

ಇವರಲ್ಲೆಲ್ಲ ದೊಡ್ಡ ಕೈ ಖಾನಾವಳಿಯ ಮುರಿಗೆವ್ವನದು. ಬಸ್ ನಿಲ್ದಾಣದ ಎದುರು, ಓಣಿಯ ಬಾಯಿಯಲ್ಲೇ ಅವಳ ಖಾನಾವಳಿ. ಅವಳು ರೊಟ್ಟಿ ಬಡಿಯತೊಡಗಿದರೆ ನಿಲ್ದಾಣದಲ್ಲಿ ನಿಂತ ಬಸ್ಸುಗಳ ಕಿಟಕಿಗಳು ತಾಳ ಹಾಕುತ್ತಿದ್ದವು. ನೋವು ತಡೆಯುವುದರಲ್ಲಂತೂ ಅವಳ ಹೆಸರು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಎಂಥದೇ ಬರಲಿ, 'ಹಾ' ಎಂದವಳಲ್ಲ, 'ಹೂ' ಎಂದವಳಲ್ಲ. ಮಗ ಸಂಗನಬಸುವನ್ನು ಹೆತ್ತ ದಿನ ಒಳಗಿನಿಂದ ಸದ್ದೇ ಬರಲಿಲ್ಲವೆಂದು ಹೊರಗೆ ಕೂತ ಗಂಡ ಗೊರಕೆ ಹೊಡೆದಿದ್ದ. ನೋವನ್ನು ಬಾಯಿಗೆ ತಂದರೆ ಮರ್ಯಾದೆ ಹೋದಂತೆ ಎಂದು ಅವಳ ತವರಿನಲ್ಲಿ ಕಲಿಸಿದ್ದರು, ಅವಳು ಕಲಿತಿದ್ದಳು.

ಒಂದೇ ಒಂದು ಸಲ ಅವಳು ಸೋತಿದ್ದಳು. ರೊಟ್ಟಿಯ ಹಿಟ್ಟಿಗೆ ಕಾಯಿಸಿದ ಎಸರಿನ ಪಾತ್ರೆ ಜಾರಿ ಕಾಲ ಮೇಲೆ ಬಿದ್ದಾಗ. ಆಗಲೂ ಕೂಗಲಿಲ್ಲ, ಆದರೆ ಕಣ್ಣು ಕತ್ತಲಿಟ್ಟು ಕೂತುಬಿಟ್ಟಳು. ಸೊಸೆ ಕಸ್ತೂರಿ ಓಡಿ ಬಂದು, ಓಣಿಯವರನ್ನು ಕಾಯದೆ, ಪಟ್ಟಿ ಕಟ್ಟಿಕೊಂಡು ಇದ್ದ ಪಾಲನ್ನೆಲ್ಲ ತಾನೇ ಎಳೆದುಕೊಂಡಳು. ಮದುವೆಯಾಗಿ ಬಂದು ಇನ್ನೂ ಮೆಹಂದಿ ಮಾಸದ ಹುಡುಗಿ. ಗಂಡ ಸಂಗನಬಸು ಈರುಳ್ಳಿ ಲಾರಿಯ ಜೊತೆ ಊರೂರು ಅಲೆಯುವವನು. ಅತ್ತೆಯ ಕಾಲು ಮಾಯುವವರೆಗೆ ಸೊಸೆ ಕುಂಟಿದಳು, ಕುಂಟುತ್ತಲೇ ರೊಟ್ಟಿ ಬಡಿದಳು. ಆ ಮುಯ್ಯಿ ಮುರಿಗೆವ್ವನ ಎದೆಯಲ್ಲಿ ಕೂತಿತ್ತು. ಎಂದಾದರೂ ತೀರಿಸಬೇಕು, ಬಡ್ಡಿ ಸಮೇತ ತೀರಿಸಬೇಕು ಎಂದು ಅವಳು ಕಾಯುತ್ತಿದ್ದಳು.

ಹಾಗಾಗಿ ಕಸ್ತೂರಿಯ ಸೊಂಟದಲ್ಲಿ ಮೂತ್ರದ ಹರಳು ಕಂಡಾಗ ಮುರಿಗೆವ್ವ ಗಾಬರಿಗಿಂತ ಹೆಚ್ಚಾಗಿ ಹುರುಪಾದಳು.

ಹರಳು ಸಣ್ಣದು, ನೀರು ಕುಡಿದರೆ ತಾನೇ ಬಿದ್ದು ಹೋಗುತ್ತದೆ ಎಂದರು ಡಾಕ್ಟರ್ ಹೇಮಾ ಹಂಚಿನಾಳ. ಪಟ್ಟಿಯನ್ನು ಕಂಡುಹಿಡಿದ ತಂಡದಲ್ಲಿ ಅವರೂ ಒಬ್ಬರು. ಪರೀಕ್ಷೆಗೆಂದು ಅದರ ಹಿಂದೆಯೇ ಹೊನ್ನಕಟ್ಟಿಗೆ ಬಂದವರು ಇಲ್ಲೇ ಉಳಿದಿದ್ದರು.

"ಅಲ್ಲೀಮಟ ಪಟ್ಟಿ ಹಾಕ್ಕೋರಿ," ಎಂದರು. "ಆದ್ರ ಅರ್ಧಾ ಬ್ಯಾನಿ ಅಕಿ ಹತ್ರನ ಇರಬೇಕು. ತಿರುಗಣಿ ಅರ್ಧಕ್ಕ ನಿಲ್ಲತೈತಿ, ಈಗೀಗ ಅದಕ್ಕೊಂದು ಮೊಳಿ ಹೊಡದೀವಿ."

"ಊಟಕ್ಕ ಕುಂತವರಿಗೆ ಅರ್ಧಾ ರೊಟ್ಟಿ ನೀಡತಾರೇನ್ರಿ ಡಾಕ್ಟರಬಾಯಿ?"

"ಇದು ಊಟ ಅಲ್ಲ ಮುರಿಗೆವ್ವಾರ."

"ಮತ್ತ ನಮ್ಮ ಓಣ್ಯಾಗ ಎರಡೂ ಒಂದ."

ಡಾಕ್ಟರು ನಕ್ಕರು. ನಗಬಾರದಿತ್ತು ಎಂದು ಆಮೇಲೆ ಅವರೇ ಹೇಳಿದರು.

ಮನೆಗೆ ಬಂದವಳೇ ಮುರಿಗೆವ್ವ ಸೊಸೆಯ ಪಟ್ಟಿಯನ್ನು ಸೈಕಲ್ ಶಾಪಿಗೆ ಒಯ್ದಳು.

"ದಸ್ತಗೀರಾ, ಈ ಮೊಳಿ ಕೀಳೋ."

ದಸ್ತಗೀರಸಾಬ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಬ್ಯಾಡ ಅಕ್ಕಾ. ಡಾಕ್ಟರಬಾಯಿ ನನ್ನ ಚರ್ಮಾ ಸುಲೀತಾರ."

"ನಿನ್ನ ಮಂಡಿ ಹಿಡದಾಗ ಎರಡ ಪಾಲು ತಗೊಂಡಾಕಿ ಯಾರು? ನಾನೋ ಡಾಕ್ಟರಬಾಯೋ?"

ಅವನು ಇಕ್ಕಳ ತೆಗೆದುಕೊಂಡ. ಅಕ್ಕಿಕಾಳಿನಷ್ಟು ಮೊಳೆ, 'ಟಿಕ್' ಎಂದು ಬಂದುಬಿಟ್ಟಿತು.

ಓಣಿಯ ಹನ್ನೆರಡು ಜನ ಪಟ್ಟಿ ಕಟ್ಟಿಕೊಂಡು ಪಾಲಿಗೆ ನಿಂತರು: ಮುರಿಗೆವ್ವ, ತುಕಾರಾಮ, ಅವನ ಹೆಂಡತಿ, ದಸ್ತಗೀರಸಾಬ, ಖಾನಾವಳಿಯ ಕಾಯಂ ಗಿರಾಕಿ ಬಸ್ ಡ್ರೈವರ್ ಗೂಳಪ್ಪ, ಹೀಗೆ. ತಿರುಗಣಿ ಪೂರ್ತಿ ತಿರುಗಿತು. ಕಸ್ತೂರಿಯ ಮುಖ ಅರಳಿದ ಅವರೆಯ ಹೂವಿನ ಹಾಗಾಯಿತು. "ಅತ್ತೀ, ಹರಳು ಐತೋ ಇಲ್ಲೋ ಅನಿಸಾಕತ್ತೈತಿ!" ಎಂದು ಕೊಡ ಎತ್ತಿಕೊಂಡು ನೀರಿಗೆ ಹೊರಟಳು. ಪಾಲುದಾರರಿಗೂ ಹೊರೆಯೇನಾಗಲಿಲ್ಲ. ಅಷ್ಟು ಜನರಲ್ಲಿ ಹಂಚಿಹೋದ ಹರಳಿನ ನೋವು ಬಿಗಿಯಾಗಿ ಕಟ್ಟಿದ ಉಡಿದಾರದಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಮುರಿಗೆವ್ವ ಮೀಸೆಯಿದ್ದರೆ ತಿರುವುತ್ತಿದ್ದಳು.

ಹೀಗೇ ಒಂದು ವಾರ ಕಳೆಯಿತು. ಆಮೇಲೊಂದು ಬೆಳಗ್ಗೆ ಗೂಳಪ್ಪ ಬಸ್ ನಿಲ್ಲಿಸಿ, ಹೊಟ್ಟೆ ಉಜ್ಜಿಕೊಳ್ಳುತ್ತ ಖಾನಾವಳಿಗೆ ಬಂದ.

"ಮುರಿಗೆವ್ವಾ, ನಿನ್ನಿ ಎಣ್ಣಿಗಾಯಿಗೆ ಏನ್ ಹಾಕಿದ್ದಿ? ಹೊಟ್ಟ್ಯಾಗ ಕುಂತು ಕುಸ್ತಿ ಆಡಾಕತ್ತೈತಿ."

"ನಾಕು ಬದನಿಕಾಯಿ ಒಬ್ಬನ ಹೊಡದಿ. ಕುಸ್ತಿ ಆಡದ ಭಜನಿ ಮಾಡತಾವೇನು?"

ಅಷ್ಟರಲ್ಲಿ ತುಕಾರಾಮನ ಹೆಂಡತಿ ಬಂದಳು, ಅವಳಿಗೂ ಹೊಕ್ಕಳ ಸುತ್ತ ಏನೋ ಹಿಡಿದಂತೆ. ದಸ್ತಗೀರಸಾಬ ಬಂದ, ಅವನಿಗೂ ಅದೇ. "ಅಕ್ಕಾ, ಬ್ಯಾರೆ ಏನೂ ಅನಬ್ಯಾಡ, ಎಣ್ಣಿ ಹಳೇದಿತ್ತೇನ?" ಎಂದ.

ಅಡುಗೆಯ ಮೇಲೆ ಮಾತು ಬಂದರೆ ಮುರಿಗೆವ್ವ ಸಹಿಸುವವಳಲ್ಲ. ಸೌಟು ಹಿಡಿದು ಬಾಗಿಲಿಗೆ ಬಂದು, ತನ್ನ ಎಣ್ಣೆ ಎಲ್ಲಿಯದು, ಗಾಣ ಯಾರದು, ಶೇಂಗಾ ಯಾವ ಹೊಲದ್ದು, ಅವರ ಅಜ್ಜಂದಿರು ಇದೇ ಖಾನಾವಳಿಯಲ್ಲಿ ಉಂಡು ಎಷ್ಟು ವರ್ಷ ಬದುಕಿದರು ಎಂಬುದನ್ನೆಲ್ಲ ನಿಲ್ದಾಣದ ಆಚೆಗೂ ಕೇಳುವಂತೆ ಹೇಳಿದಳು. ತನಗೂ ಹೊಟ್ಟೆಯಲ್ಲಿ ಒಂಥರಾ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಈ ಜಗಳದಲ್ಲಿ ಕಸ್ತೂರಿ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಅವಳು ಊಟ ಬೇಡವೆಂದಳು. ಸಂಜೆಗೆ ಹಂಚಿನ ಮುಂದೆ ಕೂತವಳು ರೊಟ್ಟಿ ಮಗುಚುವುದನ್ನು ಮರೆತು ಗೋಡೆ ನೋಡುತ್ತಿದ್ದಳು. ರೊಟ್ಟಿ ಕರಕಾಯಿತು.

"ಯಾಕವ್ವಾ?" ಮುರಿಗೆವ್ವ ಅವಳ ಹಣೆ ಮುಟ್ಟಿದಳು. ಹಂಚಿಗಿಂತ ಹಣೆಯೇ ಬಿಸಿ. "ಎಲ್ಲರೆ ನೋಯಾಕತ್ತೈತೇನು?"

"ಇಲ್ಲ ಅತ್ತೀ. ಏನೂ ನೋವಿಲ್ಲ. ಸುಮ್ನ ಮಲಕೋಬೇಕು ಅನಿಸಾಕತ್ತೈತಿ."

ನೋವಿಲ್ಲ ಎಂದಮೇಲೆ ಜ್ವರ ಬರೀ ಜ್ವರ. ಮುರಿಗೆವ್ವ ಶುಂಠಿ ಕಷಾಯಕ್ಕೆ ಇಟ್ಟಳು.

ಆ ಹೊತ್ತಿಗೆ ಆಸ್ಪತ್ರೆಯಲ್ಲಿ ನಡೆದದ್ದನ್ನು ಅವಳಿಗೆ ಆಮೇಲೆ ಶಾಹೀನ್ ಹೇಳಿದಳು. ಶಾಹೀನ್ ಯಂತ್ರದ ಕೋಣೆಯಲ್ಲಿ ಕೂತು ಪರದೆ ನೋಡುವ ಹುಡುಗಿ. ಊರಿನ ಒಂದೊಂದು ಪಟ್ಟಿಗೂ ಪರದೆಯ ಮೇಲೆ ಒಂದೊಂದು ಗೆರೆ. ನೋವು ವಿಪರೀತವಾದರೆ ಗೆರೆ ಕೆಂಪಾಗಿ ಗಂಟೆ ಬಾರಿಸುತ್ತಿತ್ತು, ಮಧ್ಯಮವಿದ್ದರೆ ಹಳದಿ, ಕಡಿಮೆಯಾದರೆ ಹಸಿರು. ಅಂದು ಶಾಹೀನ್ ಖುಷಿಯಿಂದ ಡಾಕ್ಟರನ್ನು ಕರೆದಳು.

"ಮೇಡಂ, ಬಂದು ನೋಡ್ರಿ. ಸಿಂಪಿಗೇರ ಓಣಿ ಪೂರಾ ಹಸರು! ಕಸ್ತೂರಿದಂತೂ ಎಂಟ ದಿನದಿಂದ ಸೊನ್ನಿ ಐತಿ."

ಡಾಕ್ಟರು ಚಹಾದ ಕಪ್ಪು ಹಿಡಿದು ಬಂದವರು ಹಾಗೇ ನಿಂತರು. "ಸೊನ್ನಿ?"

"ಹೌದ್ರಿ. ಪೂರಾ ಆರಾಮ ಆಗ್ಯಾಳ."

"ಶಾಹೀನ್, ನಿನಗ ಈಗ ಎಲ್ಲರೆ ನೋಯಾಕತ್ತೈತೇನು?"

"ಇಲ್ರಿ."

"ನಿನ್ನ ಗೆರಿ ತಗಿ."

ಶಾಹೀನ್ ತನ್ನದೇ ಪಟ್ಟಿಯ ಗೆರೆ ತೆಗೆದಳು. ಸೊನ್ನೆಯಲ್ಲ. ಚಪ್ಪಲಿ ಕಚ್ಚಿದ್ದು, ಕೂತು ಕೂತು ಬೆನ್ನು ಹಿಡಿದದ್ದು, ಬಿಗಿಯಾದ ಜಡೆ, ಎಲ್ಲ ಸೇರಿ ಗೆರೆ ನಡುಗುತ್ತಲೇ ಇತ್ತು. ಜೀವವಿದ್ದ ಮೈ ಯಾವುದೂ ಸೊನ್ನೆಗೆ ಇಳಿಯುವುದಿಲ್ಲ. ಹೆಚ್ಚಾದರೆ ಬಾರಿಸಲೆಂದು ಅವರು ಗಂಟೆ ಇಟ್ಟಿದ್ದರು. ಏನೂ ಇಲ್ಲದಿದ್ದರೆ ಬಾರಿಸಲು ಗಂಟೆ ಇಡಬೇಕೆಂದು ಅಷ್ಟು ಓದಿದ ಆ ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸೊನ್ನೆಗೆ ಅವರೇ ಹಸಿರು ಬಣ್ಣ ಬಳಿದಿದ್ದರು.

ಡಾಕ್ಟರು ಕಪ್ಪನ್ನು ಅಲ್ಲೇ ಯಂತ್ರದ ಮೇಲಿಟ್ಟು ಸ್ಕೂಟರಿನ ಕಡೆ ಓಡಿದರು.

ಕಷಾಯ ಕುದಿಯುವ ಮೊದಲೇ ಕಸ್ತೂರಿ ಆಸ್ಪತ್ರೆಯ ಮಂಚದ ಮೇಲಿದ್ದಳು. ಓಣಿಗೆ ಓಣಿಯೇ ಹಿಂದೆ ಬಂದು ಬಾಗಿಲಲ್ಲಿ ಗುಂಪುಗೂಡಿತು. ಡಾಕ್ಟರು ಪಟ್ಟಿಯ ತಿರುಗಣಿ ಮುಟ್ಟಿ ನೋಡಿದರು.

"ಮೊಳಿ ಎಲ್ಲಿ?"

"ಬಿದ್ದ ಹೋತ್ರಿ," ಎಂದಳು ಮುರಿಗೆವ್ವ.

"ತಾನ ಬಿತ್ತೋ?"

ಗುಂಪಿನಲ್ಲಿದ್ದ ದಸ್ತಗೀರಸಾಬ ಬಗ್ಗಿ ತನ್ನ ಚಪ್ಪಲಿಯ ಉಂಗುಟ ಸರಿಮಾಡಿಕೊಂಡ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮುರಿಗೆವ್ವನಿಗೆ. ಅವರು ಕಸ್ತೂರಿಯ ಹೊಟ್ಟೆ ಒತ್ತಿದರು. ನೋವಿನ ಸುದ್ದಿ ತಲೆಗೆ ಮುಟ್ಟದ ಹೊಟ್ಟೆ ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಬಿದ್ದಿತ್ತು. "ನಿಮ್ಮ ಕೈ ಥಣ್ಣಗದಾವ್ರಿ," ಎಂದಳು ಕಸ್ತೂರಿ, ಅಷ್ಟೇ. ಸ್ಕ್ಯಾನಿಂಗ್ ಮಾಡಿದರು, ಹರಳು ಹರಳಿನ ಜಾಗದಲ್ಲಿತ್ತು, ಉಳಿದದ್ದಕ್ಕೆ ಹೊಟ್ಟೆಯ ಗಾಳಿ ಅಡ್ಡ ಬಂದಿತ್ತು. ಪಾಲುದಾರರನ್ನು ಕೇಳಿದರು. ತುಕಾರಾಮ ಗ್ಯಾಸ್ ಎಂದ. ಅವನ ಹೆಂಡತಿ ನೆಲನೆಲ್ಲಿ ಕುಡಿದರೆ ಹೋಗುತ್ತದೆ ಎಂದಳು. ಗೂಳಪ್ಪ ಇನ್ನೂ ಬದನೆಕಾಯಿಯನ್ನೇ ಹಿಡಿದು ಕೂತಿದ್ದ. ಹನ್ನೆರಡು ಹೊಟ್ಟೆಗಳಲ್ಲಿ ಹರಿದು ಚೂರಾದ ನೋವಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ.

"ಇದು ಕಸ್ತೂರಿಗೇ ವಾಪಸ್ ಹೋಗಬೇಕು," ಎಂದರು ಡಾಕ್ಟರು. "ಎಲ್ಲಿ, ಹೆಂಗ ಅಂತ ಅಕಿನ ಹೇಳಬೇಕು. ಆದ್ರ ಒಮ್ಮೆಲೇ ಬಿಟ್ರ ಅಕಿ ಎದಿ ತಡಿಯಂಗಿಲ್ಲ. ಹನಿಹನಿಯಾಗಿ ಬಿಡಬೇಕು, ಹೊತ್ತು ಹಿಡಿತೈತಿ. ಅಲ್ಲೀಮಟ ಎಲ್ಲಾ ಪಾಲು ಒಬ್ಬರ ಹತ್ರ ಕೂಡಬೇಕು. ಒಬ್ಬರ ಹತ್ರ ಇದ್ರ ಅವರರೆ ಹೇಳತಾರ."

"ನನ್ನ ಹತ್ರ ಕೂಡಸ್ರಿ," ಎಂದಳು ಮುರಿಗೆವ್ವ. ಬೇರೆ ಯಾರಾದರೂ ಮುಂದೆ ಬರಬೇಕೆಂದು ಯಾರಿಗೂ ಅನಿಸಲಿಲ್ಲ. ನೋವು ಎಂದರೆ ಮುರಿಗೆವ್ವ.

ಹನ್ನೊಂದು ಜನರ ಪಟ್ಟಿ ಬಿಚ್ಚಿದರು. ಮುರಿಗೆವ್ವ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು.

ಅದು ಬಂತು. ಬಲಗಡೆ, ಹೊಟ್ಟೆಯ ಕೆಳಗೆ, ಯಾರೋ ಇಬ್ಬರು ಒದ್ದೆ ಬಟ್ಟೆಯನ್ನು ಹಿಂಡುವಂತೆ ಹಿಂಡತೊಡಗಿದರು. ಬಲಗಾಲು ತಾನೇ ಮೇಲೆ ಮಡಚಿಕೊಂಡಿತು. ಅವಳು ಸೀರೆಯ ನೆರಿಗೆ ಸರಿಮಾಡುವವಳಂತೆ ಅದನ್ನು ಕುರ್ಚಿಯ ಮೇಲೆ ಎಳೆದುಕೊಂಡು ಕೂತಳು. ಡಾಕ್ಟರು ಮಂಚದಲ್ಲಿ ಕಸ್ತೂರಿಯ ಹೊಟ್ಟೆ ಒತ್ತಿ, ಫಕ್ಕನೆ ಕೈ ಬಿಟ್ಟರು. ಕುರ್ಚಿಯಲ್ಲಿ ಮುರಿಗೆವ್ವನ ಕಣ್ಣ ಮುಂದೆ ಕಮ್ಮಾರನ ಕುಲುಮೆಯ ಕಿಡಿಗಳೆಲ್ಲ ಹಾರಿದವು. ಬಾಯಿ ತೆರೆದರೆ ಆಸ್ಪತ್ರೆಯ ಹೆಂಚು ಹಾರಿಹೋಗುವಂಥ ಚೀರು ಗಂಟಲಿಗೆ ಬಂದು ನಿಂತಿತ್ತು. ಆ ಹುಡುಗಿ ಪಕ್ಕದಲ್ಲೇ ಮಲಗಿ ತನ್ನ ಮುಖ ನೋಡುತ್ತಿದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ಇದು ಅವಳಿಗೆ ಹೋಗುವುದು. ತಾನೀಗ ಕೂಗಿದರೆ ಅವಳು ಅಲ್ಲೇ ಅರ್ಧ ಸಾಯುತ್ತಾಳೆ. ಮುರಿಗೆವ್ವ ಚೀರನ್ನು ನುಂಗಿದಳು.

"ಮುರಿಗೆವ್ವಾರ ಗೆರಿ ಕೆಂಪಾಗೈತ್ರಿ ಮೇಡಂ," ಎಂದಳು ಒಳಗಿನಿಂದ ಶಾಹೀನ್. ಯಂತ್ರಕ್ಕೆ ನೋವು ಎಷ್ಟು ಎಂಬುದು ಗೊತ್ತಾಗುತ್ತಿತ್ತು, ಎಲ್ಲಿ ಎಂಬುದು ಗೊತ್ತಾಗುತ್ತಿರಲಿಲ್ಲ.

"ಮುರಿಗೆವ್ವಾರ, ಎಲ್ಲೈತಿ? ಹೆಂಗೈತಿ?"

"ನಡಿತೈತ್ರಿ."

"ಎಲ್ಲಿ?"

"ಅದ, ಹರಳಿನ ಜಾಗಾ. ಸೊಂಟದ ಕಡಿ. ನಡಿತೈತ್ರಿ."

ನಗುಮುಖ ಮಾಡಿ ಹೇಳಿದಳು. ಹರಳು ಎಂದರೆ ಎಲ್ಲರಿಗೂ ಗೊತ್ತಿದ್ದದ್ದು, ಯಾರಿಗೂ ಹೊಸ ಹೆದರಿಕೆಯಿಲ್ಲ.

ಡಾಕ್ಟರು ಹುಬ್ಬು ಗಂಟಿಕ್ಕಿದರು. ಹರಳು ಸಿಕ್ಕಿಹಾಕಿಕೊಂಡು ಜ್ವರ ಬಂದಿದ್ದರೆ ಜಿಲ್ಲೆಯ ಆಸ್ಪತ್ರೆಗೆ ಕಳಿಸಬೇಕು; ಅದನ್ನು ತೆಗೆಯುವ ಸಲಕರಣೆ ಇರುವುದು ಅಲ್ಲಿ. ವ್ಯಾನ್ ತರಲು ಹೇಳಿದರು. ನೋವನ್ನು ಹಿಂದಿರುಗಿಸಲು ಕಸ್ತೂರಿಯ ಕತ್ತಿನ ತಿರುಗಣಿಯನ್ನು ತಾವೇ ಒಂದು ಕೂದಲೆಳೆಯಷ್ಟು ತಿರುಗಿಸಿದರು.

ಆಗಲೇ ಅದು ನಿಂತುಹೋಯಿತು.

ಮುರಿಗೆವ್ವ ಮೊದಲು ನಂಬ‍ಲಿಲ್ಲ. ಹಿಂಡುತ್ತಿದ್ದವರು ಬಟ್ಟೆ ಎಸೆದು ಎದ್ದು ಹೋದಂತೆ, ಹೊಟ್ಟೆಯೊಳಗೆ ತಂಪಾಯಿತು. ಕಾಲು ಸಡಿಲವಾಗಿ ಕೆಳಗಿಳಿಯಿತು.

"ಹೋತು!" ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಡಾಕ್ಟರಬಾಯೀ, ಹೋತ್ರಿ! ಹರಳು ಬಿತ್ತು! ಕಸ್ತೂರೀ, ಗೆದ್ವಿ ನೋಡವ್ವಾ!"

ಬಾಗಿಲಲ್ಲಿದ್ದ ಓಣಿ ಹೋ ಎಂದಿತು. ಗೂಳಪ್ಪ ಸಿಳ್ಳೆ ಹೊಡೆದ. ಒಳಗಿನಿಂದ ಶಾಹೀನ್, "ಹಸರು ಬಂತ್ರಿ ಮೇಡಂ!" ಎಂದು ಕೂಗಿದಳು.

ಡಾಕ್ಟರೊಬ್ಬರೇ ನಗಲಿಲ್ಲ. ಅವರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಅವರು ಕಸ್ತೂರಿಯ ನಾಡಿ ಹಿಡಿದಿದ್ದರು, ಅದು ಓಡುತ್ತಿತ್ತು. ಹುಡುಗಿಯ ತುಟಿ ಒಣಗಿ ಬಿಳಿಚಿತ್ತು. ಅವರು ಬಂದು ಮುರಿಗೆವ್ವನ ಎರಡೂ ಕೈ ಹಿಡಿದು ಮತ್ತೆ ಕುರ್ಚಿಯಲ್ಲಿ ಕೂಡಿಸಿದರು.

"ಯಾರೂ ಗದ್ದಲಾ ಮಾಡಬ್ಯಾಡ್ರಿ. ಮುರಿಗೆವ್ವಾರ, ನನ್ನ ಕಡಿ ನೋಡ್ರಿ. ಹರಳು ಬಿದ್ರೂ ಹಿಂಗ ಒಮ್ಮೆಲೇ ಹೋಗತೈತಿ. ಆದ್ರ ಹೊಟ್ಟ್ಯಾಗ ಕೀವಾಗಿ ಕರಳಿನ ತುದಿ ಒಡದ್ರೂ ಹಿಂಗ ಹೋಗತೈತಿ. ಹರಳಾದ್ರ ವ್ಯಾನಿನ್ಯಾಗ ಕಳಸತೀನಿ. ಒಡದಿದ್ರ ಹಾದಿ ಮ್ಯಾಲ ಅಕಿ ಉಳಿಯಂಗಿಲ್ಲ, ಇಲ್ಲೇ ಈಗ ಹೊಟ್ಟಿ ಕೊಯ್ಯಬೇಕು. ಯಾವುದು ಅಂತ ಈ ಯಂತ್ರಕ್ಕ ಗೊತ್ತಿಲ್ಲ, ನನಗ ಗೊತ್ತಿಲ್ಲ, ಕಸ್ತೂರಿಗೂ ಗೊತ್ತಿಲ್ಲ. ಆ ಬ್ಯಾನಿ ನೋಡಿದಾಕಿ ನೀವೊಬ್ಬರ. ಖರೇ ಹೇಳ್ರಿ. ಎಲ್ಲಿತ್ತು?"

ಮುರಿಗೆವ್ವ ಬಾಯಿ ತೆರೆದಳು. ಐವತ್ತು ವರ್ಷ ಮುಚ್ಚಿಟ್ಟ ಬಾಗಿಲು, ತುಕ್ಕು ಹಿಡಿದಿತ್ತು. ಬಾಗಿಲಲ್ಲಿ ಓಣಿಯವರೆಲ್ಲ ನಿಂತಿದ್ದರು, ಅವಳ ಹೆಸರು ಹೇಳಿ ಮಕ್ಕಳಿಗೆ ಧೈರ್ಯ ತುಂಬುವವರು.

"ಅತ್ತೀ," ಎಂದಳು ಕಸ್ತೂರಿ ಮಂಚದಿಂದ, ಸಣ್ಣ ದನಿಯಲ್ಲಿ. "ನಂದ ಐತಲ್ಲ ಅದು. ಹೇಳ್ರಿ."

"ಸೊಂಟದಾಗ ಇರಲಿಲ್ರಿ," ಎಂದಳು ಮುರಿಗೆವ್ವ. ಒಮ್ಮೆ ಶುರುವಾದದ್ದು ಆಮೇಲೆ ನಿಲ್ಲಲಿಲ್ಲ. "ಸುಳ್ಳ ಹೇಳಿದೆ. ಮುಂಜಾನಿ ಹೊಕ್ಕಳ ಸುತ್ತ ಇತ್ತು, ಎಲ್ಲಾರೂ ಬದನಿಕಾಯಿ ಅಂದ್ರು. ಆಮ್ಯಾಲ ಇಲ್ಲಿ ಇಳೀತು, ಇಲ್ಲಿ, ಬಲಕ್ಕ, ಕೆಳಗ. ಬಂದು ಹೋಗೂದಲ್ರಿ, ಅಲ್ಲೇ ಕುಂತ ಹಿಂಡತಿತ್ತು. ಕಾಲು ಚಾಚಾಕ ಆಗಲಿಲ್ಲ, ಮಡಚಿಕೊಂಡ ಕುಂತೆ. ನೀವು ಒತ್ತಿದಾಗಿಂತ ಕೈ ಬಿಟ್ಟಾಗ ಜೀವಾ ಹೋತ್ರಿ. ಸತ್ತ ಹೋಗತೀನಿ ಅನಿಸಿತು. ಭಾಳ ನೋವಾತ್ರಿ. ನನ್ನ ಜನ್ಮದಾಗ ಅಷ್ಟ ನೋವಾಗಿಲ್ಲ. ಅವ್ವಾ ಅವ್ವಾ ಅಂತ ಒಳಗ ಅಳತಿದ್ದೆ."

ಡಾಕ್ಟರು ಪೂರ್ತಿ ಕೇಳಲಿಲ್ಲ. 'ಕೈ ಬಿಟ್ಟಾಗ' ಎಂಬ ಮಾತಿಗೇ ಅವರು ಬಾಗಿಲಿಗೆ ಹೋಗಿ ಆಪರೇಷನ್ ಕೋಣೆ ತೆರೆಯಲು ಕೂಗಿದ್ದರು.

ಅಪೆಂಡಿಕ್ಸ್ ಒಡೆದಿತ್ತು. ಕೀವು ಹೊಟ್ಟೆಯಲ್ಲಿ ಹರಡತೊಡಗಿತ್ತು. ಕೊಯ್ದು, ತೆಗೆದು, ತೊಳೆದು, ಹೊಲಿದು ಡಾಕ್ಟರು ಹೊರಗೆ ಬಂದರು. ಬೆಂಚಿನ ಮೇಲೆ ಮುರಿಗೆವ್ವನ ಪಕ್ಕ ಕೂತರು. ಕಷಾಯದ ಥರ್ಮಾಸು ಹಿಡಿದು ಬಂದಿದ್ದ ತುಕಾರಾಮನ ಹೆಂಡತಿ ಅದನ್ನು ಅವರ ಕೈಗೆ ಕೊಟ್ಟಳು.

"ಉಳೀತಾಳೇನ್ರಿ?" ಮುರಿಗೆವ್ವ ಕೇಳಿದಳು.

"ಕೊಯ್ದದ್ದು ಹೊತ್ತಿಗೆ ಸರಿಯಾಗಿ ಆತು. ಇನ್ನ ಅಕಿ ಹೊಟ್ಟಿ ಏನ್ ಹೇಳತೈತಿ ನೋಡಬೇಕು."

"ಮೊಳಿ ಕೀಳಿಸಿದಾಕಿ ನಾನ್ರಿ. ದಸ್ತಗೀರನ್ನ ಬೈಬ್ಯಾಡ್ರಿ."

"ಸೊನ್ನಿಗೆ ಹಸರು ಬಣ್ಣಾ ಹಚ್ಚಿದಾಕಿ ನಾನು," ಎಂದರು ಡಾಕ್ಟರು. ಕಷಾಯ ಕುಡಿದು ಮುಖ ಕಿವುಚಿದರು. "ನೋವು ಅನ್ನೋದು ಬೆಂಕಿ ಇದ್ದಂಗ, ಆರಿಸಿದ್ರ ಮುಗೀತು ಅಂತ ತಿಳಕೊಂಡು ಇಷ್ಟ ವರ್ಷ ಕೆಲಸಾ ಮಾಡೀನಿ. ಅದು ಹೊಗಿ ಐತಿ ಮುರಿಗೆವ್ವಾರ. ಎಲ್ಲಿ ಹತ್ತೈತಿ ಅಂತ ತೋರಸೂ ಹೊಗಿ. ನಾವು ಹೊಗಿನ ಊರ ತುಂಬ ಹಂಚಿ ಕುಂತಿದ್ವಿ."

"ಹಂಗಂದ್ರ ಪಟ್ಟಿ ಒಲಿಗೆ ಹಾಕತೀರೇನ್ರಿ?"

"ಯಾಕ ಹಾಕಲಿ? ತುಕಾರಾಮನ ಹಲ್ಲು ಕಿತ್ತಿದ್ದು ಛಲೋ ಆತಲ್ಲ." ಡಾಕ್ಟರು ಥರ್ಮಾಸಿನ ಮುಚ್ಚಳ ತಿರುಗಿಸಿ ಮುಚ್ಚಿದರು. "ಆದ್ರ ಇವತ್ತ ಇಲ್ಲ. ನಾಳೆಗೂ ಇಲ್ಲ. ಮಂಪರು ಇಳದ ಮ್ಯಾಲ ಅಕಿ ಹೊಟ್ಟಿ ಅಕಿಗೇ ಮಾತಾಡಬೇಕು. ಗಾಯಾ ನೋಯಬೇಕು, ಒಳಗ ನೋಯಬಾರದು. ಅದನ್ನ ಅಕಿ ಬಾಯಿಲೆ ಕೇಳಬೇಕು. ಯಾರೂ ಪಾಲು ತಗೋಬ್ಯಾಡ್ರಿ."

ಮುರಿಗೆವ್ವ ತನ್ನ ಕತ್ತಿನ ಪಟ್ಟಿ ತಾನೇ ಬಿಚ್ಚಿ ಅವರ ಮಡಿಲಿಗೆ ಹಾಕಿದಳು. ಕತ್ತು ಬರಿದಾದಾಗ ಅವಳಿಗೆ ತಾಳಿ ಬಿಚ್ಚಿದಷ್ಟು ಸಂಕಟವಾಯಿತು, ಆದರೆ ಹಾಕಿದಳು.

ಮರುದಿನ ಬೆಳಗ್ಗೆ ಖಾನಾವಳಿ ತೆರೆಯಲಿಲ್ಲ. ಹೊನ್ನಕಟ್ಟಿಯ ಬಸ್ಸುಗಳು ಹಸಿದ ಡ್ರೈವರುಗಳೊಂದಿಗೆ ತಡವಾಗಿ ಹೊರಟವು. ಸಿಂಪಿಗೇರ ಓಣಿ ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಕೂತಿತ್ತು. ಹೊಲಿಗೆ ಯಂತ್ರ ಬಿಟ್ಟು ಬಂದವರು, ಪಂಕ್ಚರ್ ಅರ್ಧಕ್ಕೆ ಬಿಟ್ಟು ಬಂದವರು. ಯಾರ ಕತ್ತಿನಲ್ಲೂ ಪಟ್ಟಿಯಿಲ್ಲ. ಲಾರಿಯನ್ನು ಎಲ್ಲೋ ಬಿಟ್ಟು ಓಡಿ ಬಂದ ಸಂಗನಬಸು ಗೇಟಿನ ಕಂಬಕ್ಕೆ ಹಣೆ ಆನಿಸಿ ನಿಂತಿದ್ದ. ಮುರಿಗೆವ್ವ ಒಳಗೆ ಮಂಚದ ಪಕ್ಕ ಕೂತು, ಸೊಸೆಯ ಮುಚ್ಚಿದ ಕಣ್ಣನ್ನೇ ನೋಡುತ್ತಿದ್ದಳು.

ಕಸ್ತೂರಿ ಕಣ್ಣು ತೆರೆದಳು. ಮಗ್ಗುಲಾಗಲು ನೋಡಿದಳು.

"ಅಯ್ಯಯ್ಯಯ್ಯೋ ಯವ್ವಾ! ಸತ್ತೆನ್ರೋ! ಅತ್ತೀ, ನಿಮ್ಮ ಖಾನಾವಳಿಗೆ ಬೆಂಕಿ ಹತ್ತಲಿ, ಯಾರು ಕೊಯ್ದವರು ನನ್ನ ಹೊಟ್ಟಿ, ಅವರ ಕೈ ಸೇದಿ ಹೋಗಲಿ!"

ಆ ಚೀರು ಕಿಟಕಿ ಹಾದು, ಬೇವಿನ ಮರದ ಕಾಗೆಗಳನ್ನೆಲ್ಲ ಎಬ್ಬಿಸಿ, ಬಸ್ ನಿಲ್ದಾಣದವರೆಗೆ ಹೋಯಿತು. ಮರದ ಕೆಳಗೆ ಓಣಿ ಎದ್ದು ನಿಂತಿತು. ಗೂಳಪ್ಪ ದಸ್ತಗೀರಸಾಬನನ್ನು ತಬ್ಬಿಕೊಂಡ. ತುಕಾರಾಮನ ಹೆಂಡತಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಸಕ್ಕರೆಯನ್ನು ಬಿಚ್ಚಿ, ಗೇಟಿನಲ್ಲಿ ಅಳುತ್ತಿದ್ದ ಸಂಗನಬಸುವಿನ ಬಾಯಿಗೆ ಮೊದಲು ತುರುಕಿದಳು.

ಡಾಕ್ಟರು ಓಡಿ ಬಂದರು. ಆದರೆ ಅವರಿಗಿಂತ ಮೊದಲೇ ಮುರಿಗೆವ್ವ ಕುರ್ಚಿಯನ್ನು ಮಂಚಕ್ಕೆ ಒತ್ತಿ ಎಳೆದುಕೊಂಡು, ಸೊಸೆಯ ಬೆವತ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಕಣ್ಣಿಂದ ನೀರು ಗಲ್ಲಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

"ಬೈಯವ್ವಾ, ಎಷ್ಟ ಬೈತಿ ಬೈ," ಎಂದಳು. "ಎಲ್ಲಿ ನೋಯಾಕತ್ತೈತಿ? ಮ್ಯಾಲೋ ಕೆಳಗೋ? ಹೆಂಗ ನೋಯಾಕತ್ತೈತಿ? ಒಂದೂ ಬಿಡದಂಗ ಹೇಳು. ನಾ ಎಲ್ಲೂ ಹೋಗಂಗಿಲ್ಲ."